ತೋಟಕ್ಕಿರುವ ಲೆಕ್ಕ, ಮಗನಿಗಿಲ್ಲ

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಜನಿಸಿದ ನೂರಾರು ಕೂಸುಗಳನ್ನು ವೈದ್ಯರು ಹದಿಹರೆಯ ದಾಟಿ ಯೌವನದವರೆಗೂ ಮತ್ತೆ ಮತ್ತೆ ಕರೆದು ಪರೀಕ್ಷಿಸಿ ಬರೆದಿಟ್ಟರು.

ಶಿಕಾರಿಪುರ, ಸೊರಬ ಸೀಮೆಯ ನಾವು ಅಂಥ ಲೆಕ್ಕವನ್ನು ಅಡಕೆ ತೋಟಕ್ಕೆ ಮಾತ್ರ ಇಡುತ್ತೇವೆ. ಎಂಟನೆಯ ತರಗತಿಯಲ್ಲಿ ಗೆಳೆಯನು ಕೊಟ್ಟ ಗುಟ್ಕಾ, ಪದವಿ ಮುಗಿಯುವ ವೇಳೆಗೆ ಬಾಯಿ ತೆರೆಯಲಾಗದ ಬೇನೆಯಾಗಬಹುದು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ, ತಂಬಾಕುಗಳು ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದವು. ತಂಬಾಕಿಲ್ಲದ ಬರಿಯ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದೆ. ಅಡಕೆಯಿಂದಲೇ ಅನ್ನ ಕಾಣುವ ನಮಗೆ ಇದು ಕಹಿ ಮಾತು, ನಿಜ.

ತಾಯಂದಿರು ಪ್ರತಿ ಯುಗಾದಿಗೆ ಮಗನ ಬಾಯಿ ತೆರೆಯಿಸಿ, ಅವನ ಮೂರು ಬೆರಳು ಒಂದರ ಮೇಲೊಂದು ಹಿಡಿಸುವವೇ ನೋಡಿ ಬರೆದಿಡಲಿ. ಹಿಡಿಸದಿದ್ದರೆ ತಡಮಾಡದೆ ದಂತವೈದ್ಯರಲ್ಲಿಗೆ ಕರೆದೊಯ್ಯಲಿ.