ಸಿಎಸ್‌ಆರ್ ವರದಿಯಲ್ಲಿ ಅರಕಲಗೂಡು ಎಲ್ಲಿದೆ?

ನಮ್ಮ ಕಂಪನಿಯ ಸಿಎಸ್‌ಆರ್ ಲೆಕ್ಕದ ಸಾಫ್ಟ್‌ವೇರ್ ಬರೆದದ್ದು ನಾನು. ಅದರಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲವೂ ಬರೀ ‘ಹಾಸನ’. ಸರ್ಕಾರದ ಫಾರ್ಮ್ ಕೇಳೋದು ರಾಜ್ಯ, ಜಿಲ್ಲೆ ಅಷ್ಟೇ. ನಾನು ಅರಕಲಗೂಡಿನವನು, ಸ್ವಲ್ಪ ಹೊಟ್ಟೆ ಉರೀತು ಅನ್ನಿ.

ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಂದು ಜಾರಿಗೆ ಬಂತು. ನಿವ್ವಳ ಲಾಭ 5 ಕೋಟಿ ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಸಮಾಜಕ್ಕೆ. ಖರ್ಚಾಗದಿದ್ದರೆ ಮೊದಲು ಕಾರಣ ಬರೆದರೆ ಮುಗೀತಿತ್ತು. 2021ರಿಂದ ಆ ದುಡ್ಡನ್ನ ನಿಗದಿತ ಖಾತೆಗೋ ನಿಧಿಗೋ ಹಾಕಬೇಕು, ತಪ್ಪಿದರೆ ದಂಡ. ಹಾಗಾಗಿ ಮಾರ್ಚ್ ಬಂತೆಂದರೆ ನಮ್ಮಲ್ಲಿ ಓಟವೋ ಓಟ.

ಷೇರುಪೇಟೆಯ ದೊಡ್ಡ 1000 ಕಂಪನಿಗಳಿಗೆ 2022-23ರಿಂದ ಸೆಬಿಯ ಬಿಆರ್‌ಎಸ್‌ಆರ್ ವರದಿಯೂ ಕಡ್ಡಾಯ. ಅದರಲ್ಲಿ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಲ್ಲಿ ಏನು ಮಾಡಿದಿರಿ ಅನ್ನೋ ಪ್ರಶ್ನೆ ಇದೆ. ಉತ್ತರಿಸೋದು ಐಚ್ಛಿಕ, ಆದರೂ ಹೂಡಿಕೆದಾರರು ಓದೋ ವರದಿಯಲ್ಲಿ ಖಾಲಿ ಜಾಗ ಯಾರಿಗೆ ಇಷ್ಟ? ಕರ್ನಾಟಕದಿಂದ ಆ ಪಟ್ಟಿಯಲ್ಲಿರೋದು ರಾಯಚೂರು, ಯಾದಗಿರಿ. ಅಲ್ಲಿಗೆ ದುಡ್ಡು ಹೋಗಲೇಬೇಕು, ತಕರಾರಿಲ್ಲ. ಆದರೆ ಯಾರು ಏನು ಕೇಳ್ತಾರೋ ವರದಿ ಆ ಕಡೆ ವಾಲುತ್ತೆ.

ಕೇಳದೇ ಇರೋದು? ಕೊಟ್ಟ ವಸ್ತು ಈಗಲೂ ಕೆಲಸ ಮಾಡ್ತಿದೆಯಾ ಅನ್ನೋದು. ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಗಿರೋದು ಸರಾಸರಿ 10 ಕೋಟಿ ಸಿಎಸ್‌ಆರ್ ಹೊಣೆಯ ಕಂಪನಿಗಳಿಗೆ, ಅದೂ 1 ಕೋಟಿ ಮುಟ್ಟಿದ ಯೋಜನೆಗಳಿಗೆ. ನಾವು ಅರಕಲಗೂಡಿನ ಹಳ್ಳಿ ಶಾಲೆಗೆ ಕೊಟ್ಟದ್ದು ನಾಲ್ಕು ಕಂಪ್ಯೂಟರ್.

ಸಾಫ್ಟ್‌ವೇರಿಗೆ ನಾನೇ ಎರಡು ಕಾಲಂ ಸೇರಿಸಿದೆ: ತಾಲ್ಲೂಕು, ‘ವರ್ಷದ ನಂತರ’. ‘ಇದನ್ನ ಯಾರು ಕೇಳ್ತಾರೆ?’ ಅಂದ್ರು ಮ್ಯಾನೇಜರ್. ಹಬ್ಬಕ್ಕೆ ಊರಿಗೆ ಹೋದಾಗ ಶಾಲೆಗೆ ಹೋಗಿಬಂದೆ. ಕಾಲಂನಲ್ಲಿ ಬರೆದಿದ್ದೀನಿ: ಎರಡು ನಡೀತಿವೆ, ಎರಡಕ್ಕೆ ಯುಪಿಎಸ್ ಬ್ಯಾಟರಿ ಬೇಕು.