ಮಂಗಳೂರು–ಕಣ್ಣೂರು ವಿಮಾನ ನಿಲ್ದಾಣಗಳು: ದೂರ ಮತ್ತು ಹಾರಾಟದ ಸಮಯ

ವಿಮಾನಯಾನದಲ್ಲಿ ದೂರ ಕಡಿಮೆಯಾದಷ್ಟೂ ಸಮಯದ ಲಾಭ ಹೆಚ್ಚುವುದೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. 1951ರಲ್ಲಿ ಆರಂಭವಾದ ಬಜ್ಪೆಯ ಮಂಗಳೂರು ನಿಲ್ದಾಣ ಹಾಗೂ 2018ರ ಡಿಸೆಂಬರ್ 9ರಂದು ಉದ್ಘಾಟನೆಗೊಂಡ ಮಟ್ಟನ್ನೂರಿನ ಕಣ್ಣೂರು ನಿಲ್ದಾಣಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

ನೇರ ದೂರ

ಎರಡು ನಿಲ್ದಾಣಗಳ ಅಕ್ಷಾಂಶ–ರೇಖಾಂಶಗಳ ಆಧಾರದಲ್ಲಿ ಲೆಕ್ಕ ಹಾಕಿದರೆ ನೇರ ವಾಯುದೂರ ಸುಮಾರು 136 ಕಿ.ಮೀ., ಅಂದರೆ 73 ನಾಟಿಕಲ್ ಮೈಲಿ. (ಒಂದು ನಾಟಿಕಲ್ ಮೈಲಿ 1,852 ಮೀಟರ್.) ರಸ್ತೆಯ ದೂರ ಇದಕ್ಕಿಂತ ಹೆಚ್ಚು.

ಹಾರಾಟದ ಸಮಯ

ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಈ ದೂರ ಕಾಗದದ ಮೇಲೆ ಕೇವಲ 16 ನಿಮಿಷ. ಆದರೆ ಮಂಗಳೂರಿನ ರನ್‌ವೇ ಈಶಾನ್ಯ–ನೈರುತ್ಯ ದಿಕ್ಕಿನಲ್ಲಿದ್ದು, ಕಣ್ಣೂರು ಇರುವುದು ಆಗ್ನೇಯಕ್ಕೆ. ಮೇಲೆದ್ದ ವಿಮಾನ ತಿರುಗಬೇಕು, ಏರಬೇಕು. ಪೂರ್ಣ ವೇಗ ತಲಪುವಷ್ಟರಲ್ಲಿ ಇಳಿಯಲು ಸಿದ್ಧವಾಗಬೇಕು. ನೆಲದ ಮೇಲಿನ ಚಲನೆಯೂ ಸೇರಿದರೆ 40–45 ನಿಮಿಷ ಬೇಕಾದೀತು.

ಬಾಗಿಲಿನಿಂದ ಬಾಗಿಲಿಗೆ

ವರ್ತಕರಿಗೆ ಮುಖ್ಯವಾದುದು ಅಂಗಡಿಯಿಂದ ಗ್ರಾಹಕರ ಬಾಗಿಲಿನವರೆಗಿನ ಸಮಯ. ನಗರದಿಂದ ಬಜ್ಪೆಗೆ 45 ನಿಮಿಷ, ಕನಿಷ್ಠ ಒಂದು ಗಂಟೆ ಮುಂಚಿತ ಹಾಜರಿ, ಹಾರಾಟಕ್ಕೆ 45, ಸಾಮಾನು ಪಡೆಯಲು 15, ಮಟ್ಟನ್ನೂರಿನಿಂದ ಕಣ್ಣೂರು ಪಟ್ಟಣಕ್ಕೆ 45 ನಿಮಿಷ: ಒಟ್ಟು ಮೂರೂವರೆ ಗಂಟೆ. ಅದೇ ಪ್ರಯಾಣವನ್ನು ರೈಲು ಎರಡು, ಎರಡೂವರೆ ಗಂಟೆಗಳಲ್ಲಿ ಪೂರೈಸುತ್ತದೆ.

ಬೆಂಗಳೂರಿನ ಲೆಕ್ಕ ಬೇರೆ. ವಾಯುದೂರ ಸುಮಾರು 307 ಕಿ.ಮೀ.; ಇದೇ ಕ್ರಮದಲ್ಲಿ ಕೂಡಿದರೆ ನಾಲ್ಕು ಗಂಟೆಯ ಆಸುಪಾಸು. ಘಾಟಿ ದಾಟುವ ರಸ್ತೆ ಪ್ರಯಾಣಕ್ಕೆ ಏಳೆಂಟು ಗಂಟೆ ಬೇಕು. ಲಾಭವನ್ನು ನಿರ್ಧರಿಸುವುದು ಕಿಲೋಮೀಟರ್ ಅಲ್ಲ, ನೆಲದ ಮಾರ್ಗದ ಕಷ್ಟ.

ಸಾಮೀಪ್ಯದ ನಿಜವಾದ ಉಪಯೋಗ

ನೆರೆಯ ನಿಲ್ದಾಣದ ಪ್ರಯೋಜನ ಬೇರೆಡೆ ಇದೆ. ಮಂಜೇಶ್ವರ, ಕುಂಬಳೆಯವರಿಗೆ ಮಂಗಳೂರು ಹತ್ತಿರ. ಪಯ್ಯನ್ನೂರಿನ ಕಡೆಯವರಿಗೆ ಕಣ್ಣೂರು. ನಡುವಿನ ಊರುಗಳ ವರ್ತಕರು ಎರಡೂ ಕಡೆಯ ವೇಳಾಪಟ್ಟಿ ಮತ್ತು ದರಗಳನ್ನು ಹೋಲಿಸಿ ಆರಿಸಬಹುದು. ಮಳೆಗಾಲದಲ್ಲಿ ಗೋಚರತೆ ಕುಗ್ಗಿದಾಗ ಮಂಗಳೂರಿನ ವಿಮಾನಗಳನ್ನು ಕಣ್ಣೂರಿಗೆ ತಿರುಗಿಸಿದ ನಿದರ್ಶನಗಳಿವೆ. ಆದರೆ ಒಂದೇ ಮಳೆಮೋಡ ಎರಡೂ ಕಡೆ ಕವಿಯಬಹುದಾದುದರಿಂದ ಈ ಆಸರೆ ಸದಾ ಸಿಗದು.

ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುರ್ತು ಸರಕು ಅಥವಾ ಮಾದರಿ ಕಳುಹಿಸುವವರು ಒಪ್ಪಂದದ ಗಡುವಿಗೆ ಒಂದು ದಿನ ಮುಂಚಿತವಾಗಿಯೇ ರವಾನಿಸುವುದು ಲೇಸು. ಟಿಕೆಟಿನಲ್ಲಿ ನಮೂದಿಸಿದ ಹಾರಾಟದ ಅವಧಿಯನ್ನೇ ನಂಬಿ ಗಿರಾಕಿಗೆ ಮಾತು ಕೊಡುವುದು ವ್ಯವಹಾರಕ್ಕೆ ಹಿತವಲ್ಲ.