‘ತಿಳಿಯಿತೇ?’ ಎಂಬ ಪ್ರಶ್ನೆ ಮತ್ತು ಕಾಲೇಜಿನ ಅಧ್ಯಾಪನ

ತಾಸಿನ ಕೊನೆಗೆ ಅಧ್ಯಾಪಕರು ‘ತಿಳಿಯಿತೇ?’ ಎಂದು ಕೇಳುತ್ತಾರೆ. ವರ್ಗವೆಲ್ಲ ‘ತಿಳೀತ್ರಿ’ ಎನ್ನುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳು ಎಷ್ಟೋ ಸಲ ಬೇರೆಯದನ್ನೇ ಹೇಳುತ್ತವೆ. ಈ ಅಂತರವನ್ನು ಪರೀಕ್ಷೆಗೆ ಮುಂಚೆ, ವರ್ಗದಲ್ಲಿಯೇ ಕಂಡುಕೊಳ್ಳುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಿದ್ದೇವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಪದವಿ ಕಾಲೇಜುಗಳು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಅದರ ವ್ಯಾಪ್ತಿಗೆ ಬಂದವು. ಸುತ್ತಣ ಹಳ್ಳಿಗಳಿಂದ ಬರುವ ಇಲ್ಲಿಯ ಅನೇಕ ವಿದ್ಯಾರ್ಥಿಗಳು ಶಾಲೆಯಲ್ಲಿ ಕನ್ನಡದಲ್ಲಿ ಕಲಿತವರು. ವಿಜ್ಞಾನ, ವಾಣಿಜ್ಯಗಳನ್ನು ಇಂಗ್ಲಿಷಿನಲ್ಲಿ ಓದಬೇಕಾದಾಗ ಅವರಿಗೆ ವಿಷಯವೂ ಹೊಸದು, ಭಾಷೆಯೂ ಹೊಸದು. ಟಿಪ್ಪಣಿ ಬರೆದುಕೊಳ್ಳುವುದರಲ್ಲಿಯೇ ತಾಸು ಕಳೆಯುತ್ತದೆ. ತಪ್ಪು ತಿಳುವಳಿಕೆ ಒಳಗೆ ಹಾಗೆಯೇ ಉಳಿಯುತ್ತದೆ.

ಈ ತೊಡಕು ನಮ್ಮ ಭಾಗಕ್ಕಷ್ಟೇ ಸೀಮಿತವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು, ಲೆಕ್ಕಗಳನ್ನು ಸರಿಯಾಗಿ ಬಿಡಿಸುವ ತಮ್ಮ ವಿದ್ಯಾರ್ಥಿಗಳೇ ಮೂಲ ಕಲ್ಪನೆಗಳಲ್ಲಿ ಎಡವುವುದನ್ನು ಕಂಡು, 1991ರಲ್ಲಿ ಒಂದು ಕ್ರಮವನ್ನು ಆಚರಣೆಗೆ ತಂದರು. ಅಧ್ಯಾಪಕರು ಒಂದು ಪ್ರಶ್ನೆಯನ್ನೂ ಅದಕ್ಕೆ ಕೆಲವು ಉತ್ತರಗಳನ್ನೂ ಕೊಡುವರು. ಪ್ರತಿಯೊಬ್ಬನೂ ಮೊದಲು ತಾನೇ ವಿಚಾರಿಸಿ ಒಂದನ್ನು ಆರಿಸುವನು. ಅನಂತರ ನೆರೆಯವನೊಡನೆ ಚರ್ಚಿಸಿ ಮತ್ತೊಮ್ಮೆ ಆರಿಸುವನು. ಕೊನೆಗೆ ಅಧ್ಯಾಪಕರ ವಿವರಣೆ. ವಿಜ್ಞಾನ, ತಂತ್ರವಿದ್ಯೆ, ಗಣಿತಗಳಲ್ಲಿ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಿದ್ಯಾರ್ಥಿಗಳು ತಾವೇ ಕ್ರಿಯಾಶೀಲರಾಗಿ ಕಲಿಯುವ ಇಂಥ ವರ್ಗಗಳಲ್ಲಿ ಅನುತ್ತೀರ್ಣರಾದವರು ಶೇಕಡಾ 22ರಷ್ಟು. ಬರಿಯ ಉಪನ್ಯಾಸದ ವರ್ಗಗಳಲ್ಲಿ ಶೇಕಡಾ 34ರಷ್ಟು.

ಇಂಥ ಪ್ರಶ್ನೆಗಳನ್ನು ದೂರದಿಂದ ತರಬೇಕಾಗಿಲ್ಲ. ಕಿತ್ತೂರಿನ ಇತಿಹಾಸ ವರ್ಗದಲ್ಲಿ ಹೀಗೆ ಕೇಳಬಹುದು: ‘ದತ್ತುಪುತ್ರನ ಹಕ್ಕನ್ನು ಕಂಪನಿಯವರು ಅಲ್ಲಗಳೆದದ್ದು ಡಾಲ್‌ಹೌಸಿಯ ನೀತಿಯಂತೆಯೇ?’ ಹೌದೆನ್ನಲು ಮನಸ್ಸಾಗುತ್ತದೆ. ಆದರೆ ಕಿತ್ತೂರಿನ ಯುದ್ಧ 1824ರದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಸವದತ್ತಿಯಲ್ಲಿ ನವಿಲುತೀರ್ಥದ ಅಣೆಕಟ್ಟನ್ನು ತೋರಿಸಿ, ‘ನೀರಿನ ಆಳ ಅಷ್ಟೇ ಇದ್ದು ಹಿನ್ನೀರು ಇಮ್ಮಡಿ ದೂರ ಹಬ್ಬಿದರೆ, ಗೋಡೆಯ ಬುಡದಲ್ಲಿ ನೀರಿನ ಒತ್ತಡ ಹೆಚ್ಚುವುದೇ?’ ಎನ್ನಬಹುದು. ಹೆಚ್ಚದು, ಒತ್ತಡವು ಆಳವನ್ನು ಅವಲಂಬಿಸಿದೆ. ಬೈಲಹೊಂಗಲದ ಪೇಟೆಗೆ ಹತ್ತಿಯ ಆವಕ ಹೆಚ್ಚಿ ಧಾರಣೆ ಇಳಿದು ವ್ಯಾಪಾರಸ್ಥರು ಹೆಚ್ಚು ಕೊಂಡರೆ, ಬೇಡಿಕೆಯೇ ಬದಲಾಯಿತೇ, ಕೊಂಡ ಪ್ರಮಾಣ ಮಾತ್ರವೇ? ಪ್ರಮಾಣ ಮಾತ್ರ. ರಾಮದುರ್ಗದ ನೇಕಾರನು ತಿಂಗಳುಕಾಲ ಮಗ್ಗ ನಿಲ್ಲಿಸಿದರೆ ಯಾವ ವೆಚ್ಚ ನಿಲ್ಲದು? ನೂಲಿನ ವೆಚ್ಚ ನಿಲ್ಲುವುದು, ಮನೆಯ ಬಾಡಿಗೆ ನಿಲ್ಲದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪಠ್ಯಭಾಗ ಮುಗಿಯದೆಂಬುದು ಮೊದಲನೆಯದು. ತಾಸಿಗೆ ಒಂದೇ ಪ್ರಶ್ನೆ ಸಾಕು. ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಉಪಕರಣವೂ ಬೇಡ, ಎಲ್ಲರೂ ಒಮ್ಮೆಲೆ ಉತ್ತರದ ಸಂಖ್ಯೆಯಷ್ಟು ಬೆರಳುಗಳನ್ನು ಎದೆಯ ಹತ್ತಿರ ಹಿಡಿದು ತೋರಿಸಿದರಾಯಿತು. ಕನ್ನಡದಲ್ಲಿ ಚರ್ಚಿಸಿದರೆ ಇಂಗ್ಲಿಷಿನ ಉತ್ತರ ಕೆಡುವುದೆಂಬುದು ಎರಡನೆಯದು. ತಿಳಿಯದುದನ್ನು ಯಾವ ಭಾಷೆಯಲ್ಲಿಯೂ ಬರೆಯಲು ಬಾರದು. ಆದಕಾರಣ ಪಾರಿಭಾಷಿಕ ಶಬ್ದಗಳನ್ನು ಇದ್ದಂತೆಯೇ ಇಟ್ಟುಕೊಂಡು ಕನ್ನಡದಲ್ಲಿ ವಾದಿಸಲಿ. ಬಳಿಕ ಪರೀಕ್ಷೆಯ ಭಾಷೆಯಲ್ಲಿ ಎರಡು ವಾಕ್ಯ ಬರೆಯಲಿ.

ಪ್ರಶ್ನೆ ಸುಲಭವಾದರೆ ಚರ್ಚೆ ಹುಟ್ಟದು, ತೀರ ಕಠಿಣವಾದರೆ ಚರ್ಚೆಗೆ ಆಧಾರವೇ ಸಿಗದು. ಅದನ್ನು ಹದವಾಗಿ ಸಿದ್ಧಪಡಿಸುವುದೇ ಅಧ್ಯಾಪಕರ ನಿಜವಾದ ಶ್ರಮ. ಒಂದೊಂದು ವಿಷಯದ ಅಧ್ಯಾಪಕರು ಕೂಡಿ ವರ್ಷಕ್ಕೆ ಇಪ್ಪತ್ತು ಪ್ರಶ್ನೆಗಳನ್ನು ರಚಿಸಿ, ಯಾವ ತಪ್ಪು ಉತ್ತರವನ್ನು ಎಷ್ಟು ಜನ ಆರಿಸಿದರೆಂದು ಬರೆದಿಟ್ಟರೆ, ಅದೇ ಉಪಯುಕ್ತವಾದ ಸಂಶೋಧನೆಯಾದೀತು. ಹಿಂದಿನ ಬಾಕಿನಲ್ಲಿ ಕುಳಿತು ‘ತಿಳೀತ್ರಿ’ ಎನ್ನುವ ವಿದ್ಯಾರ್ಥಿಗೆ ಏನು ತಿಳಿದಿಲ್ಲವೆಂಬುದು ಆಗ ನಮಗೂ ಅವನಿಗೂ ಸಕಾಲದಲ್ಲಿ ಗೊತ್ತಾಗುವುದು.